ಗುಳಿಗೆಯೂ ಹಾಲೂ ಒಟ್ಟಿಗೆ ಸಲ್ಲವು

ರೋಣ ತಾಲೂಕಿನ ಸವಡಿಯ ಸುತ್ತಣ ಎರೆಭೂಮಿಗೆ ರಂಜಕದ ಗೊಬ್ಬರವನ್ನು ಹಾಕಿದಾಗ, ಮಣ್ಣಿನೊಳಗಿನ ಸುಣ್ಣವು ಅದರ ಬಹುಭಾಗವನ್ನು ಹಿಡಿದಿಡುವುದರಿಂದ ಬೆಳೆಗೆ ದೊರೆಯುವುದು ಅಲ್ಪವೆಂಬುದನ್ನು ಭೂಮಾಲಕರು ಬಲ್ಲರು. ಇದೇ ನ್ಯಾಯವು ಮನುಷ್ಯನ ಹೊಟ್ಟೆಯಲ್ಲಿಯೂ ನಡೆಯುವುದುಂಟು.

ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧವಾದ ಆರಿಯೋಮೈಸಿನ್ 1948ರಲ್ಲಿ ಪ್ರಕಟವಾಯಿತು. ಅದನ್ನು ಹುಟ್ಟಿಸುವ ಸೂಕ್ಷ್ಮಜೀವಿಯು ಅಮೇರಿಕೆಯ ಮಿಸ್ಸೌರಿ ವಿಶ್ವವಿದ್ಯಾಲಯದ ಕೃಷಿಪ್ರಯೋಗಕ್ಷೇತ್ರದ ಮಣ್ಣಿನಲ್ಲಿ ದೊರೆತಿತು. ಮಣ್ಣಿನಿಂದ ಬಂದ ಈ ಔಷಧವನ್ನೂ ಸುಣ್ಣದ ಅಂಶವು ಕಟ್ಟಿಹಾಕುವುದು. ಹಾಲು, ಮೊಸರು, ಮಜ್ಜಿಗೆಗಳಲ್ಲಿ ಆ ಅಂಶವು ಹೇರಳವಾಗಿದೆ. ಹಾಲಿನೊಡನೆ ಟೆಟ್ರಾಸೈಕ್ಲಿನ್ ನುಂಗಿದರೆ ರಕ್ತಕ್ಕೆ ಸೇರುವ ಭಾಗವು ಅರ್ಧಕ್ಕೆ ಇಳಿಯಬಹುದು. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ, ಹುಳಿತೇಗಿನ ಔಷಧ ಇವೂ ಹಾಗೆಯೇ ಮಾಡುವವು. ಈಗ ಹೆಚ್ಚಾಗಿ ಬಳಸುವ ಡಾಕ್ಸಿಸೈಕ್ಲಿನ್‌ಗೆ ಹಾಲಿನ ಬಾಧೆ ಕಡಿಮೆ, ಕಬ್ಬಿಣದ ಬಾಧೆ ಕಡಿಮೆಯಲ್ಲ. ಸಿಪ್ರೊಫ್ಲಾಕ್ಸಾಸಿನ್‌ಗೆ ಎರಡೂ ಆಗವು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ಈ ಔಷಧಗಳಿಂದ ರಕ್ತಸ್ರಾವದ ಭಯವು ಹೆಚ್ಚುವುದು.

ಆಳಿಗೆ ಜ್ವರ ಬಂದಾಗ ಗುಳಿಗೆಯೊಡನೆ ಬಟ್ಟಲು ಹಾಲನ್ನೂ ಕೊಡುವ ದಯಾಳು ಯಜಮಾನರು ನಮ್ಮಲ್ಲಿ ಅನೇಕರು. ಆದರೆ ಆ ದಯೆಯಿಂದಲೇ ಔಷಧವು ನಿಷ್ಫಲವಾಗಿ ರೋಗವು ಉಳಿಯಬಹುದು. ಆದುದರಿಂದ ಗುಳಿಗೆಯನ್ನು ತುಂಬು ಲೋಟ ನೀರಿನೊಡನೆ ನುಂಗಿಸಿ, 2 ಗಂಟೆ ಕಳೆದ ಮೇಲೆ ಹಾಲನ್ನು ಕೊಡತಕ್ಕದ್ದು. ಕಬ್ಬಿಣದ ಗುಳಿಗೆಗೆ ಎಷ್ಟು ಅಂತರವಿರಬೇಕೆಂಬುದನ್ನು ವೈದ್ಯರಿಂದಲೇ ತಿಳಿಯಬೇಕು. ರೋಗಿಯು ಸೇವಿಸುತ್ತಿರುವ ಬೇರೆ ಔಷಧಗಳೆಲ್ಲವನ್ನೂ ಅವರಿಗೆ ಮರೆಯದೆ ತೋರಿಸಬೇಕು.

ಗ್ರಾಮದ ಹಿರಿಯರು ಇದನ್ನು ಚಾವಡಿಯಲ್ಲಿ ಓದಿಸಿ, ಓದುಬಾರದವರಿಗೂ ತಿಳಿಯಪಡಿಸಿದರೆ ಮಹದುಪಕಾರವಾಗುವುದು.