ಡ್ರಮ್ ಬ್ರೇಕಿನೊಳಗಿನ ಹಲ್ಲುಚಕ್ರ

ಹೊಸ ಬ್ರೇಕ್ ಶೂ ಹಾಕಿದ ಮೇಲೂ ಬ್ರೇಕ್ ಪೆಡಲ್ ಆಳಕ್ಕಿಳಿಯುತ್ತದೆ, ಹ್ಯಾಂಡ್‌ಬ್ರೇಕ್ ಎಳೆದರೂ ಕಾರು ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಮನೆಯಲ್ಲೇ ರಿಪೇರಿಗೆ ಕೂತವರು ಆಗ ಅಡ್ಜಸ್ಟರನ್ನೂ ಅನುಮಾನಿಸಬೇಕು.

ಆಲ್ಟೊ, ವ್ಯಾಗನ್‌ಆರ್‌ನಂಥ ಕಾರುಗಳ ಹಿಂದಿನ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕೇ. ಲೈನಿಂಗ್ ಸವೆದಂತೆಲ್ಲ ಶೂಗೂ ಡ್ರಮ್ಮಿಗೂ ನಡುವಿನ ಸಂದು ಹಿಗ್ಗುತ್ತದೆ. ಅದನ್ನು ಸರಿದೂಗಿಸುವುದೇ ಅಡ್ಜಸ್ಟರ್: ಹಲವು ವಿನ್ಯಾಸಗಳಲ್ಲಿ ಪುಟ್ಟ ಲಿವರೊಂದು ಹಲ್ಲುಚಕ್ರವನ್ನು ತಿರುಗಿಸಿ, ಸ್ಕ್ರೂವನ್ನು ಉದ್ದವಾಗಿಸಿ ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಕೆಲವು ಕಾರುಗಳಲ್ಲಿ ಇದು ನಡೆಯುವುದು ರಿವರ್ಸ್‌ನಲ್ಲಿ ಬ್ರೇಕ್ ಒತ್ತಿದಾಗ ಮಾತ್ರ.

ತುಕ್ಕು ಹಿಡಿದರೆ ಹಲ್ಲುಚಕ್ರ ತಿರುಗದು. ಅದಕ್ಕಿಂತ ಹೆಚ್ಚು ಕಾಡುವುದು ಎಡಬಲದ ಗೊಂದಲ: ಎರಡೂ ಬದಿಯ ಅಡ್ಜಸ್ಟರ್‌ಗಳ ಥ್ರೆಡ್ ಸಾಮಾನ್ಯವಾಗಿ ವಿರುದ್ಧ ದಿಕ್ಕಿನದು. ಅದಲು ಬದಲಾದರೆ ಸ್ಕ್ರೂ ಉದ್ದವಾಗುವ ಬದಲು ಗಿಡ್ಡವಾಗುತ್ತದೆ. ಆದ್ದರಿಂದ ಒಂದು ಬದಿಯನ್ನಷ್ಟೇ ಬಿಚ್ಚಿ, ಇನ್ನೊಂದನ್ನು ಮಾದರಿಯಾಗಿ ಉಳಿಸಿಕೊಳ್ಳುವುದೇ ಜಾಣತನ.

ಪೆಡಲ್ ಸರಿಯಿಲ್ಲವೆಂದು ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯುವುದು ತಪ್ಪು ಮದ್ದು. ಬಿಗಿದ ಕೇಬಲ್ ಶೂಗಳನ್ನು ಪೂರ್ತಿ ಹಿಂದೆ ಸರಿಯಲು ಬಿಡದು. ಅಡ್ಜಸ್ಟರ್ ಕೆಲಸವೇ ನಿಲ್ಲಬಹುದು. ಮೊದಲು ಶೂ ಹೊಂದಿಸಬೇಕು, ಕೇಬಲ್ ಆಮೇಲೆ.

ಕಾರನ್ನು ಜಾಕ್ ಒಂದನ್ನೇ ನಂಬಿ ನಿಲ್ಲಿಸದೆ ಸ್ಟ್ಯಾಂಡ್ ಕೊಡಬೇಕು, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಇಡಬೇಕು. ಹಳೆಯ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದದೆ, ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಬೇಕು.