ಲೇತಿನ ತೊಟ್ಟಿಯ ಹಳೆಯ ದ್ರವ
ಕಾರ್ಕಳ-ಪಡುಬಿದ್ರಿ ಹೆದ್ದಾರಿಯ ಬೆಳ್ಮಣ್ಣಿನಂತಹ ಊರಿನ ಕಾರ್ಯಾಗಾರದಲ್ಲಿ, ಲೇತ್ ಯಂತ್ರದ ತೊಟ್ಟಿಯೊಳಗಿನ ಹಾಲುಬಣ್ಣದ ಶೀತಕದ್ರವವು ರಜೆಯ ಮರುದಿನ ಕೊಳೆತ ಮೊಟ್ಟೆಯ ದುರ್ಗಂಧವನ್ನು ಬೀರತೊಡಗಿತೆಂದರೆ, ಮೇಲೆ ತೇಲುವ ಜಿಡ್ಡಿನ ಪೊರೆಯು ವಾಯುವನ್ನು ತಡೆದುದರಿಂದ ಆಮ್ಲಜನಕವೊಲ್ಲದ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಯೂರಿವೆಯೆಂದೇ ತಿಳಿಯತಕ್ಕದ್ದು. ಸುಗಂಧ ಬೆರೆಸಿ ಮರೆಮಾಚುವವರೂ ಉಂಟು, ವ್ಯರ್ಥ ಸಾಹಸ! ದ್ರವವನ್ನೆಲ್ಲ ಹೊರತೆಗೆದು, ತಳದ ಲೋಹಚೂರ್ಣವನ್ನು ಕೆರೆದು, ಕೊಳವೆಗಳನ್ನು ಶುದ್ಧಿದ್ರಾವಣದಿಂದ ತೊಳೆದ ಬಳಿಕವೇ ಹೊಸತನ್ನು ತುಂಬಬೇಕು. ಆಗಲೂ ದ್ರವವನ್ನು ಬೆರೆಸುವಾಗ ನೀರಿಗೆ ಶೀತಕದ ಎಣ್ಣೆಯನ್ನು ಸುರಿಯಬೇಕಲ್ಲದೆ ಎಣ್ಣೆಗೆ ನೀರನ್ನಲ್ಲ. ಹಳೆಯದನ್ನು ತೋಡಿಗೆ ಚೆಲ್ಲಿದರೆ? ಸರಂಧ್ರವಾದ ಮುರಕಲ್ಲಿನ ಈ ನೆಲದಲ್ಲಿ ಅದು ಮಳೆನೀರಿನೊಡನೆ ನೆರೆಮನೆಯ ಬಾವಿಗೇ ಇಳಿದೀತು. ಆದುದರಿಂದ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗನುಸಾರವಾಗಿ, ಮುಚ್ಚಳವುಳ್ಳ ಪೀಪಾಯಿಯಲ್ಲಿ ಶೇಖರಿಸಿ, ಚೀಟಿ ಅಂಟಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯುಳ್ಳ ಸಂಸ್ಕರಣಕಾರರಿಗೇ ಒಪ್ಪಿಸತಕ್ಕದ್ದು.