ಮೊಬೈಲ್ ಹಿಡಿದು ಕೊಣ್ಣೂರಿಗೆ ಬಂದ ಯುದ್ಧ

ಭಾರತ–ಪಾಕಿಸ್ತಾನ ಗಡಿಯಲ್ಲಿ ಗುಂಡಿನ ಸದ್ದು ಅಡಗಿದ ಮೇಲೂ ಜಾಲತಾಣದಲ್ಲಿ ಕಾಳಗ ನಿಂತಿರಲಿಲ್ಲ. 2025ರ ಮೇ ತಿಂಗಳಲ್ಲಿ ಅದರ ಬಿಸಿ ಬೆಳಗಾವಿ ಜಿಲ್ಲೆಗೇ ತಟ್ಟಿತು.

ಪಾಕಿಸ್ತಾನದ ಉಗ್ರರ ನೆಲೆಗಳ ಮೇಲೆ ಭಾರತ ನಡೆಸಿದ ‘ಆಪರೇಷನ್ ಸಿಂಧೂರ’ದ ವಿವರವನ್ನು ಮೇ 7ರ ಬೆಳಿಗ್ಗೆ ದೇಶದ ಮುಂದಿಟ್ಟವರಲ್ಲಿ ಕರ್ನಲ್ ಸೋಫಿಯಾ ಖುರೇಷಿ ಒಬ್ಬರು. ಅವರು ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಎಂದು ಗೊತ್ತಾದದ್ದೇ ತಡ, ಜಿಲ್ಲೆಗೆ ಹೆಮ್ಮೆಯೋ ಹೆಮ್ಮೆ.

ಮೇ 10ಕ್ಕೆ ಕದನವಿರಾಮ ಘೋಷಣೆಯಾಯಿತು. ಅದಾದ ಕೆಲವೇ ದಿನಕ್ಕೆ ‘ಎಕ್ಸ್’ನಲ್ಲಿ ಒಂದು ಪೋಸ್ಟ್: ಬೆಳಗಾವಿಯಲ್ಲಿರುವ ಕರ್ನಲ್ ಅವರ ಮನೆಯ ಮೇಲೆ ದಾಳಿಯಾಗಿದೆ! ದಾಳಿಯ ಆರೋಪವನ್ನು ಹಿಂದೂ ಸಂಘಟನೆಯೊಂದರ ತಲೆಗೆ ಕಟ್ಟಲಾಗಿತ್ತು. ಕೊಣ್ಣೂರಿನಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ಇದು ಶುದ್ಧ ಸುಳ್ಳು ಎಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಭೀಮಾಶಂಕರ ಗುಳೇದ ಸ್ಪಷ್ಟಪಡಿಸಿದರು. ಖಾತೆಯಲ್ಲಿದ್ದ ವಿಳಾಸ ಕೆನಡಾದ್ದು. ಪೋಸ್ಟ್ ಅಳಿಸಿಹೋಯಿತು, ಆದರೂ ಕೊಣ್ಣೂರಿನ ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು.

ಏಟು ಬಿದ್ದದ್ದೆಲ್ಲಿಗೆ?

ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಅಂದು ಒಂದೇ ವೇದಿಕೆಯಿಂದ ಮಾಹಿತಿ ನೀಡಿದ ದೃಶ್ಯವೇ ಜಗತ್ತಿಗೆ ಭಾರತ ಕೊಟ್ಟ ಉತ್ತರವಾಗಿತ್ತು: ಏಪ್ರಿಲ್‌ನಲ್ಲಿ ಪ್ರವಾಸಿಗರನ್ನು ಧರ್ಮ ಕೇಳಿ ಕೊಂದ ಕಾಶ್ಮೀರದ ಪಹಲ್ಗಾಮ್‌ನ ಹಂತಕರ ಎದುರು ನಾವು ಒಂದಾಗಿದ್ದೇವೆ. ಸುಳ್ಳು ಪೋಸ್ಟ್ ಹಾಕಿದವರು ಯಾರೇ ಇರಲಿ, ಏಟು ಬಿದ್ದದ್ದು ಆ ಒಗ್ಗಟ್ಟಿಗೇ. ಇಂದಿನ ಯುದ್ಧತಂತ್ರದಲ್ಲಿ ಕ್ಷಿಪಣಿ ಎಷ್ಟು ಮುಖ್ಯವೋ, ಎದುರಾಳಿಯ ನೆಲದಲ್ಲಿ ಅನುಮಾನ ಬಿತ್ತುವುದೂ ಅಷ್ಟೇ ಮುಖ್ಯ. ಅದೇ ತಿಂಗಳು ವಿಡಿಯೊ ಗೇಮ್‌ನ ತುಣುಕುಗಳು ವಾಯುದಾಳಿಯ ದೃಶ್ಯಗಳಾಗಿ ಹರಿದಾಡಿದವು. ಗುಜರಾತಿನ ಹಜೀರಾ ಬಂದರಿನ ಮೇಲೆ ದಾಳಿ ಎಂದು ಹಬ್ಬಿದ ವಿಡಿಯೊ 2021ರ ಟ್ಯಾಂಕರ್ ಸ್ಫೋಟದ್ದು ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ತಿಳಿಸಬೇಕಾಯಿತು.

ಹಿಂಡಲಗಾದವರ ಹೊಣೆ

ಸುಳ್ಳಿನಷ್ಟೇ ಅಪಾಯಕಾರಿ, ಹೊತ್ತಲ್ಲದ ಹೊತ್ತಿನಲ್ಲಿ ಹೊರಬೀಳುವ ನಿಜ. ಬೆಳಗಾವಿಯ ಕ್ಯಾಂಪ್ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿರುವ ಪ್ರದೇಶ. ಹಿಂಡಲಗಾ ಅದಕ್ಕೆ ಹೊಂದಿಕೊಂಡ ಊರು. ಇಲ್ಲಿ ಸೇನಾ ಲಾರಿಗಳು ಸಾಲಾಗಿ ಹೋಗುವುದನ್ನು ಯಾರೋ ಅಭಿಮಾನದಿಂದಲೇ ರೀಲ್ಸ್ ಮಾಡಿದರೆನ್ನಿ. ಲಾರಿ ಎಷ್ಟು, ಯಾವ ಕಡೆ ಹೊರಟಿವೆ, ಹಿಂದೆ ಕಾಣುವ ಅಂಗಡಿಯ ಬೋರ್ಡ್ ಯಾವುದು, ಹೊತ್ತು ಎಷ್ಟು ಎಂಬುದೆಲ್ಲ ಅರೆ ನಿಮಿಷದ ವಿಡಿಯೊದಲ್ಲೇ ಸಿಗುತ್ತದೆ. ಗೂಢಚಾರನ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. 2018ರಲ್ಲಿ ‘ಸ್ಟ್ರಾವಾ’ ಎಂಬ ವ್ಯಾಯಾಮದ ಆ್ಯಪ್‌ನ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳೇ ಸೇನಾ ನೆಲೆಗಳನ್ನು ತೋರಿಸಿಕೊಟ್ಟಿದ್ದವು. 2020ರಲ್ಲಿ ಭಾರತೀಯ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆದುಹಾಕುವಂತೆ ತನ್ನ ಸಿಬ್ಬಂದಿಗೆ ಸೂಚಿಸಿತು. 2025ರ ಏಪ್ರಿಲ್ 26ರಂದು ಕೇಂದ್ರ ಸರ್ಕಾರ, ಸೇನಾ ಚಲನವಲನದ ನೇರಪ್ರಸಾರ ಬೇಡವೆಂದು ಮಾಧ್ಯಮಗಳಿಗೂ ಜಾಲತಾಣ ಬಳಕೆದಾರರಿಗೂ ಹೇಳಿತು.

ಸೈನಿಕನಿಗಿರುವ ಈ ಶಿಸ್ತು ನಮಗೂ ಬೇಕು. ಸೇನಾ ವಾಹನ ಕಂಡರೆ ಕೈ ಬೀಸೋಣ, ಕ್ಯಾಮೆರಾ ತೆರೆಯುವುದು ಬೇಡ. ರಕ್ತ ಕುದಿಸುವ ಸುದ್ದಿ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಆ ಊರಿನವರಿಗೆ ಒಂದು ಫೋನ್ ಮಾಡೋಣ. ಗೋಕಾಕ ಕಡೆ ಬಂಧುಬಳಗವಿಲ್ಲದ ಮನೆ ಬೆಳಗಾವಿಯಲ್ಲಿ ಅಪರೂಪ. ಕೊಣ್ಣೂರಿನ ನಿಜ ತಿಳಿಯಲು ಅಷ್ಟು ಸಾಕಿತ್ತು.